ನಾನಿಲ್ಲದಿದ್ದರೆ ಬಿಲ್ಲಿಂಗ್ ನಿಲ್ಲುತ್ತದೆ

(ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರು ಓದಿ ಒಪ್ಪಿದ್ದಾರೆ.)

ಸುಧೀರ್ ಎಂದು ಕರೆಯೋಣ. ಮೂವತ್ತೇಳರ ಪ್ರಾಯ, ಸಾಫ್ಟ್‌ವೇರ್ ಡೆವಲಪರ್. 2020ರಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಮೂಲ್ಕಿ ಕಡೆಯ ತಾಯಿಮನೆಗೆ ಬಂದವರು ಮತ್ತೆ ಹೋಗಲಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಗಿರಾಕಿಯೊಬ್ಬರ ಬಿಲ್ಲಿಂಗ್ ವ್ಯವಸ್ಥೆಯನ್ನು ಮನೆಯಿಂದಲೇ ನೋಡಿಕೊಳ್ಳುತ್ತಾರೆ. ಮಂಗಳೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದು ಕೂತವರು ಹೇಳಿದ ದೂರು ಒಂದೇ, ನಿದ್ರೆ ಇಲ್ಲ. "ನೀವು ಮಾತ್ರೆ ಬರೆಯುದಿಲ್ಲ ಅಂತ ಗೊತ್ತುಂಟು ಮೇಡಂ. ಆದ್ರೂ ಎಂತಾದ್ರೂ ಮಾಡಿ."

ಅಲ್ಲಿ ಸಂಜೆ ಐದಕ್ಕೆ ದಿನದ ಲೆಕ್ಕ ಮುಚ್ಚುವಾಗ ನಮ್ಮಲ್ಲಿ ರಾತ್ರಿ ಎರಡೂವರೆ. ಆ ಹೊತ್ತಿಗೆ ಏನಾದರೂ ಸಿಕ್ಕಿಹಾಕಿಕೊಂಡರೆ ಮೊಬೈಲಿಗೆ ಅಲರ್ಟ್ ಬರುತ್ತದೆ. ತಿಂಗಳಿಗೆ ಒಂದೆರಡು ಸಲ ಮಾತ್ರ. ಆದರೆ ಸುಧೀರರಿಗೆ ಪ್ರತಿ ರಾತ್ರಿ ಎರಡೂಕಾಲಕ್ಕೆ ಎಚ್ಚರ. ಮೊಬೈಲ್ ನೋಡುವುದು, ಏನೂ ಇಲ್ಲ, ಮತ್ತೆ ನೋಡುವುದು. ನಾಲ್ಕು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ.

ತಂಡದಲ್ಲಿ ನಾಲ್ಕು ಮಂದಿ ಇದ್ದಾರೆ, ಅಲರ್ಟ್ ನೋಡಿಕೊಳ್ಳಲು ವಾರಕ್ಕೊಬ್ಬರ ಸರದಿ. ಹಾಗಾದರೆ ತಿಂಗಳಲ್ಲಿ ಮೂರು ವಾರವಾದರೂ ನಿದ್ರೆ ಬರಬೇಕಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ನಂಬರ್ ಎಲ್ಲಾ ವಾರಕ್ಕೂ ಹಾಕಿಟ್ಟಿದ್ದೇನೆ" ಎಂದರು. ಯಾರೂ ಹೇಳಿರಲಿಲ್ಲ. ತಾವೇ ಹಾಕಿಕೊಂಡದ್ದು.

ಮನೆಯ ದೈವಕ್ಕೆ ನಡೆಯುವ ವರ್ಷಾವಧಿ ನೇಮದ ರಾತ್ರಿಯೂ ಲ್ಯಾಪ್‌ಟಾಪ್ ಹಿಡಿದು ಕಾರಿನಲ್ಲಿ ಕೂತಿದ್ದರಂತೆ. ದೈವದ ನುಡಿಯಾಗುವಾಗ ಕುಟುಂಬದವರೆಲ್ಲ ಮುಂದೆ ನಿಂತಿರಬೇಕು. ಇವರನ್ನು ಹುಡುಕಿಕೊಂಡು ಬಂದ ಸೋದರಮಾವ ಕಾರಿನ ಗಾಜು ತಟ್ಟಿದರು. ಆ ವಾರ ಇವರ ಸರದಿಯೇ ಅಲ್ಲ.

ಹೆಂಡತಿಯನ್ನು ಬೇರೆಯಾಗಿ ಮಾತಾಡಿಸಿದೆ. ಶಾಲಾ ಶಿಕ್ಷಕಿ, ಸಿಟ್ಟೆಲ್ಲ ಮುಗಿದು ತಮಾಷೆಗೆ ಬಂದು ನಿಂತವರು. "ಇವರ ಹತ್ರ ಎಂತ ಹೇಳುದಿದ್ರೂ ನಾನು ಮೆಸೇಜ್ ಮಾಡ್ತೇನೆ ಮೇಡಂ, ಅಡುಗೆಮನೆಯಿಂದ ಒಳಗಿನ ಕೋಣೆಗೆ. ಕೂಡ್ಲೆ ಉತ್ತರ ಬರ್ತದೆ."

ಸುಧೀರ್ ಎಲ್ಲೋ ಓದಿ ತನಗೆ 'ಬರ್ನೌಟ್ ಎಂಬ ಕಾಯಿಲೆ' ಎಂದು ತೀರ್ಮಾನಿಸಿದ್ದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಅದನ್ನು ಕಾಯಿಲೆ ಎನ್ನುವುದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎನ್ನುತ್ತದೆ: ದಣಿವು, ಕೆಲಸದ ಬಗ್ಗೆ ಬೇಸರ, ತನ್ನ ಕೈಯಲ್ಲಿ ಏನೂ ಆಗುವುದಿಲ್ಲ ಎಂಬ ಭಾವನೆ. ಸುಧೀರರಿಗೆ ದಣಿವಿತ್ತು. ಉಳಿದೆರಡು ಇರಲಿಲ್ಲ. ಕೆಲಸದ ಮೇಲೆ ಬೇಸರವಿರಲಿ, ಅದನ್ನು ಇನ್ನೊಬ್ಬರು ಮುಟ್ಟುವುದೂ ಇವರಿಗೆ ಹಿಡಿಸುತ್ತಿರಲಿಲ್ಲ.

ಇದು ತಿಳಿದದ್ದು ಎರಡನೆಯ ಭೇಟಿಯಲ್ಲಿ. ಒಂದು ರಾತ್ರಿ ಅಲರ್ಟ್ ಬಂದಾಗ ಸರದಿಯಲ್ಲಿದ್ದ ಕಾರ್ಕಳ ಕಡೆಯ ಹುಡುಗಿ, ಸೇರಿ ಎರಡು ವರ್ಷವಾಗಿದೆಯಷ್ಟೆ, ಇವರು ಲಾಗಿನ್ ಆಗುವ ಮೊದಲೇ ಸರಿಮಾಡಿ ಮುಗಿಸಿದ್ದಳು. ಆರಾಮವಾಗಿ ಮಲಗಬಹುದಿತ್ತು. ಇವರು ಬೆಳಗಾಗುವವರೆಗೆ ಅವಳ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತರು. ತಪ್ಪು ಸಿಗಲಿಲ್ಲ. ಆದರೂ ಉದ್ದಕ್ಕೆ ರಿವ್ಯೂ ಕಾಮೆಂಟ್, ಅಂದರೆ ಕೋಡು ತಪಾಸಣೆಯ ಟಿಪ್ಪಣಿ, ಹಾಕಿದರು: 'ಇದು ಯೋಚಿಸಿ ಬರೆದದ್ದೋ, ಎಐ ಕೊಟ್ಟದ್ದೋ?' ಎಂಬ ಧಾಟಿಯವು.

ಎಐ ಬರೆದ ಕೋಡನ್ನು ಎಷ್ಟು ನಂಬಬೇಕು ಎಂಬ ಅವರ ಚಿಂತೆಯಲ್ಲಿ ಹುರುಳಿರಬಹುದು, ಅದನ್ನು ತೂಗುವುದು ನನ್ನ ಕೆಲಸವಲ್ಲ. ಆ ಕಾಮೆಂಟುಗಳನ್ನು, ಹುಡುಗಿ ಎದುರಿಗೇ ಕೂತಿದ್ದಾಳೆ ಎಂದುಕೊಂಡು, ನನಗೆ ಗಟ್ಟಿಯಾಗಿ ಓದಿಹೇಳಲು ಕೇಳಿದೆ. ಮೂರನೆಯದಕ್ಕೆ ನಿಲ್ಲಿಸಿದರು.

ಡೆವಲಪರುಗಳಲ್ಲಿ ಬಸ್ ಫ್ಯಾಕ್ಟರ್ ಎಂಬ ಲೆಕ್ಕ ಉಂಟು. ತಂಡದ ಎಷ್ಟು ಮಂದಿಗೆ ಬಸ್ ಗುದ್ದಿದರೆ ಕೆಲಸ ನಿಂತುಹೋಗುತ್ತದೆ ಎಂಬುದು. ಇವರ ತಂಡದ್ದು ಒಂದು, ಆ ಒಬ್ಬರು ಇವರೇ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವ ಮನುಷ್ಯ ಇದನ್ನು ಅಷ್ಟು ಹೆಮ್ಮೆಯಿಂದ ಹೇಳಿದ್ದು ನನಗೆ ಸೋಜಿಗ. ಆ ಹೆಮ್ಮೆಯೇ ಅವರನ್ನು ಎರಡೂಕಾಲಕ್ಕೆ ಎಬ್ಬಿಸುತ್ತಿತ್ತು ಎಂಬುದು ನನ್ನ ತೀರ್ಮಾನ. ತಾನಿಲ್ಲದೆಯೂ ನಡೆಯುತ್ತದೆ ಎಂದಾದರೆ ತನ್ನ ಬೆಲೆ ಏನು? ಪ್ರಾಯ ನಲವತ್ತರ ಹತ್ತಿರ, ದಿನಕ್ಕೊಂದು ಹೊಸ ಸಾಧನ, ಜೊತೆಗಿದ್ದವರ ಕೆಲಸ ಹೋದ ಸುದ್ದಿ. ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಿಲ್ಲ.

ಮೊದಲು ವೈದ್ಯರಲ್ಲಿ ಕಳಿಸಿ ಬಿಪಿ, ಥೈರಾಯಿಡ್ ನೋಡಿಸಿದೆ. ನಿದ್ರೆಗೆ ಹೇಳಿದ್ದು ಹಳೆಯದೇ: ರಾತ್ರಿ ಹೇಗೇ ಇದ್ದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು, ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ನಿದ್ರೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಬೇರೆ ಕೋಣೆಯಲ್ಲಿ ಕೂತು, ತೂಕಡಿಕೆ ಬಂದ ಮೇಲೆಯೇ ಮರಳಬೇಕು, ಹಗಲು ಮಲಗುವಂತಿಲ್ಲ, ಸಂಜೆಯ ಮೇಲೆ ಚಾ ಬೇಡ. ಗಡಿಯಾರ ನೋಡುವುದೂ ಬೇಡ. ಸರದಿ ಇಲ್ಲದ ವಾರ ನಂಬರ್ ತೆಗೆಯಬೇಕು, ಮೊಬೈಲ್ ಮಲಗುವ ಕೋಣೆಯ ಹೊರಗೆ, ಹಾಲ್‌ನಲ್ಲಿರಬೇಕು.

ನಂಬರ್ ತೆಗೆಯಲು ಕೈ ಬರಲಿಲ್ಲ. ಅದಕ್ಕೇ ಬೇರೆ ಕಡೆಯಿಂದ ಹೋದೆವು. ದಿನಕ್ಕೆ ಒಂದು ಗಂಟೆ, ಯಾವ ಅಲರ್ಟಿಗೆ ಏನು ಮಾಡಬೇಕು ಎಂದು ಬರೆದಿಡುವುದು. ಬರೆದದ್ದನ್ನು ನೋಡಿ ಆ ಹುಡುಗಿಯೇ ಕೆಲಸ ಮಾಡಬೇಕು, ಇವರು ಕರೆಯಲ್ಲಿದ್ದು ನೋಡುವುದಷ್ಟೆ. ಅವಳು ತಡವರಿಸಿದರೂ ಕೀಬೋರ್ಡ್ ಮುಟ್ಟುವಂತಿಲ್ಲ, ಕಾಲು ಗಂಟೆ ಬಾಯಿಯೂ ತೆರೆಯುವಂತಿಲ್ಲ. ಆಗ ಎದೆ ಹೊಡೆದುಕೊಳ್ಳುತ್ತದೆ, ಕೂತುಕೊಳ್ಳಿ, ಇಳಿಯುತ್ತದೆ ಎಂದೆ. ನಾನು ಕೊಟ್ಟದ್ದರಲ್ಲಿ ಅತಿ ಕಷ್ಟದ ಅಭ್ಯಾಸ ಇದು, ಕೆಲಸ ಮಾಡಿದ್ದೂ ಇದೇ. ಹುಡುಗಿಯಲ್ಲಿ ಕ್ಷಮೆ ಕೇಳಿ ಎಂದು ನಾನು ಹೇಳಿರಲಿಲ್ಲ. ಅವರೇ ಫೋನ್ ಮಾಡಿ ಕೇಳಿದರು.

ಮ್ಯಾನೇಜರಲ್ಲಿ ಹೇಳಬೇಕಾದ ಮಾತನ್ನು ನನ್ನೆದುರೇ ಹೇಳಿ ಅಭ್ಯಾಸ ಮಾಡಿದರು: "ರಾತ್ರಿ ಎದ್ದು ಕೆಲಸ ಮಾಡಿದ ಮರುದಿನ ಮಧ್ಯಾಹ್ನದವರೆಗೆ ನಾನು ಸಿಗುವುದಿಲ್ಲ." ಮೊದಲ ಸಲ ಈ ವಾಕ್ಯದ ಹಿಂದೆ ಮುಂದೆ ನಾಲ್ಕು 'ಸಾರಿ' ಇದ್ದವು.

ಈಗ ಸರದಿಯಿಲ್ಲದ ವಾರ ನಂಬರ್ ಇಲ್ಲ. ಎಚ್ಚರವಾಗುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ರಾತ್ರಿಯ ಲಾಗ್ (ವ್ಯವಸ್ಥೆಯಲ್ಲಿ ನಡೆದದ್ದರ ದಾಖಲೆ) ನೋಡುತ್ತಾರೆ, ಸದ್ಯಕ್ಕೆ ನಾನೂ ತಡೆಯಲು ಹೋಗಿಲ್ಲ. ನನ್ನ ಕಣ್ಣು ಇರುವುದು ನವೆಂಬರ್ ಮೇಲೆ. ಆ ತಿಂಗಳ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಯ ಬೆಳಗ್ಗೆ ಹತ್ತರ ಮೀಟಿಂಗ್ ಇಲ್ಲಿ ಏಳೂವರೆಗಿದ್ದದ್ದು ಎಂಟೂವರೆಗೆ ಸರಿಯುತ್ತದೆ, ಮಗಳು ಉಂಡು ಮಲಗುವ ಹೊತ್ತಿಗೆ ಸರಿಯಾಗಿ. ಅವರ ಒಂಬತ್ತಕ್ಕೇ ಇಟ್ಟುಕೊಳ್ಳೋಣ ಎಂದು ಈಗಲೇ ಕೇಳಿ ಎಂದಿದ್ದೇನೆ. ಇಮೇಲ್ ಬರೆದಾಗಿದೆ, ಕಳಿಸಿಲ್ಲ. ಮುಂದಿನ ಭೇಟಿಯಲ್ಲಿ ನನ್ನ ಮೊದಲ ಪ್ರಶ್ನೆ ಅದರದ್ದೇ.