ಹಳೇ ಆಟ, ಹೊಸ ಎಂಜಿನ್: ಚದುರಂಗ ಪ್ರಶ್ನೋತ್ತರ

ಪ್ರಶ್ನೆ: 1999ರ ಕ್ಯಾಸ್ಪರೋವ್ (ಬಿಳಿ)–ಟೋಪಲೋವ್ (ಕಪ್ಪು) ಆಟದಲ್ಲಿ ಬಿಳಿಯ 24ನೇ ನಡೆಗೆ ಪುಸ್ತಕದವರು ಎರಡು ಆಶ್ಚರ್ಯಚಿಹ್ನೆ, ಅಂದರೆ ‘ಅದ್ಭುತ ನಡೆ’ ಎಂಬ ಗುರುತು, ಹಾಕಿದ್ದಾರೆ. ನನ್ನ ಚದುರಂಗ ಎಂಜಿನ್ (ನಡೆ ಲೆಕ್ಕ ಹಾಕುವ ತಂತ್ರಾಂಶ) ಸ್ಟಾಕ್‌ಫಿಶ್ ಮಾತ್ರ ಆ ನಡೆಯ ನಂತರ ಬಿಳಿ ಗೆಲ್ಲುತ್ತಿದೆ ಎನ್ನುವುದಿಲ್ಲ. ಯಾರನ್ನು ನಂಬಲಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಇಬ್ಬರನ್ನೂ ನಂಬಿ. ಆ ನಡೆಯಲ್ಲಿ ಬಿಳಿಯ ಆನೆ ಡಿ4 ಮನೆಯ ಕಾಲಾಳನ್ನು ಹೊಡೆದಾಗ ಟೋಪಲೋವ್ ಸಿ ಕಾಲಾಳಿನಿಂದ ಆನೆಯನ್ನು ತಿಂದರು. ಅಲ್ಲೇ ಕೆಟ್ಟಿದ್ದು. ಆನೆ ಮುಟ್ಟದೆ ರಾಜನನ್ನು ಬಿ6ಕ್ಕೆ ನಡೆಸಿದ್ದರೆ ಬಿಳಿಗೆ ಗೆಲುವಿರಲಿಲ್ಲ. ಎಂಜಿನ್ ಹೇಳುತ್ತಿರುವುದು ಅದನ್ನೇ, ಏಕೆಂದರೆ ಎದುರಾಳಿ ಎಡವುತ್ತಾನೆ ಎಂಬ ಆಸೆ ಅದಕ್ಕಿಲ್ಲ.

ಪರೀಕ್ಷೆ ಹೀಗೆ ಮಾಡಿ. ಮಲ್ಟಿಪಿವಿ (ಎಂಜಿನ್ ಒಮ್ಮೆಗೆ ಎಷ್ಟು ಉತ್ತಮ ಸಾಲು ತೋರಿಸಬೇಕು ಎಂಬ ಸೆಟ್ಟಿಂಗ್) 3ಕ್ಕೆ ಇಡಿ. ಒಂದೇ ಸಾಲು ನೋಡಿದರೆ ಎರಡನೆಯ ನಡೆ ಎಷ್ಟು ಹಿಂದಿದೆ ಎಂದು ತಿಳಿಯದು. ಆನೆಯ ಹೊಡೆತವನ್ನು ಬೋರ್ಡಿನಲ್ಲಿ ಆಡಿ, ಎರಡು ನಿಮಿಷ ಬಿಡಿ. ಕಪ್ಪಿನ ಮೂರೂ ಉತ್ತರ ಬರೆದುಕೊಳ್ಳಿ. ಈಗ ಕಪ್ಪು ಆನೆಯನ್ನು ತಿನ್ನುವ ಸಾಲಿಗೆ ಹೋಗಿ, ಬಿಳಿಯ ಇನ್ನೊಂದು ಆನೆಯಿಂದ ಇ7ರಲ್ಲಿ ಚೆಕ್ ಕೊಡಿ. ಕಪ್ಪು ರಾಣಿ ಅದನ್ನೂ ತಿಂದರೆ: ಬಿಳಿಯ ರಾಣಿ ಡಿ4 ಚೆಕ್, ರಾಜ ಬಿ8, ರಾಣಿ ಬಿ6 ಚೆಕ್, ಒಂಟೆ ಬಿ7, ಕುದುರೆ ಸಿ6 ಚೆಕ್, ರಾಜ ಎ8, ರಾಣಿ ಎ7, ಮಾತ್. ಆ ಎರಡು ಚಿಹ್ನೆ ಯಾಕೆಂದು ಆಗ ಗೊತ್ತಾಗುತ್ತದೆ.

ಪೂರ್ತಿ ಆಟವಾದರೆ ಕೊನೆಯಿಂದ ಹಿಂದಕ್ಕೆ ಬನ್ನಿ. ಮುಂದಿನ ಸ್ಥಾನಗಳ ಲೆಕ್ಕ ಹ್ಯಾಶ್‌ನಲ್ಲಿ (ಎಂಜಿನ್ ಲೆಕ್ಕ ಇಟ್ಟುಕೊಳ್ಳುವ ಮೆಮೊರಿಯಲ್ಲಿ) ಉಳಿದಿರುವುದರಿಂದ ಹಿಂದಿನ ತಪ್ಪು ಬೇಗ ಸಿಗುತ್ತದೆ. ನಡುವೆ ಹ್ಯಾಶ್ ಅಳಿಸಬೇಡಿ. ಎಂಜಿನ್ ತೋರಿಸುವ ಅಂಕೆಯ ಅರ್ಥವೂ ಬದಲಾಗಿದೆ: 2022ರ ಕೊನೆಗೆ ಬಂದ ಸ್ಟಾಕ್‌ಫಿಶ್ 15.1 ಆವೃತ್ತಿಯಿಂದ +1.00 ಎಂದರೆ ಎಂಜಿನ್-ಎಂಜಿನ್ ಆಟದಲ್ಲಿ ಗೆಲ್ಲುವ ಸಂಭವ ಶೇ. 50. ಒಂದು ಕಾಲಾಳು ಹೆಚ್ಚು ಎಂದು ಓದುವವರು ಇನ್ನೂ ಇದ್ದಾರೆ.

ಪ್ರಶ್ನೆ: ಹಳೇ ಪುಸ್ತಕದ ನಡೆಗಳನ್ನು ಟೈಪಿಸಿದರೆ ಹತ್ತನೇ ನಡೆಗೇ ‘ಅಮಾನ್ಯ’ ಎನ್ನುತ್ತದೆ.
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಪುಸ್ತಕ ‘ಪಿ-ಕೆ4’ (ಕಾಲಾಳು ರಾಜನ ಸಾಲಿನ 4ನೇ ಮನೆಗೆ) ಎನ್ನುವ ಹಳೇ ವಿವರಣಾ ಪದ್ಧತಿಯದಿರಬೇಕು. ಅದರಲ್ಲಿ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಮನೆ ಎಣಿಸುತ್ತಾರೆ. ಬಿಳಿಯ ಪಿ-ಕೆ4 ಎಂದರೆ ಇ4, ಕಪ್ಪಿನದು ಇ5. ಎನ್-ಕೆಬಿ3 (ಕುದುರೆ ರಾಜನ ಕಡೆಯ ಒಂಟೆಯ ಸಾಲಿನ 3ನೇ ಮನೆಗೆ) ಬಿಳಿಗೆ ಎಫ್3, ಕಪ್ಪಿಗೆ ಎಫ್6. ಕಪ್ಪಿನ ಸಾಲಿನ ಅಂಕೆಯನ್ನು 9ರಿಂದ ಕಳೆಯಿರಿ, ಸರಿಹೋಗುತ್ತದೆ. ಕೆಲವು ಮುದ್ರಣಗಳಲ್ಲಿ ಕುದುರೆಗೆ ‘ಕೆಟಿ’ ಎಂದಿರುತ್ತದೆ. ಅವಸರದಲ್ಲಿ ಅದನ್ನು ರಾಜನ ‘ಕೆ’ ಎಂದು ಓದಿದರೆ ಮುಗಿಯಿತು. ಇನ್ನೂ ಕೆಟ್ಟದ್ದು, ತಪ್ಪು ನಡೆಯೂ ಕೆಲವೊಮ್ಮೆ ನಿಯಮಕ್ಕೆ ಒಪ್ಪುತ್ತದೆ, ತಂತ್ರಾಂಶ ತುಟಿ ಬಿಚ್ಚುವುದಿಲ್ಲ. ಪುಸ್ತಕದಲ್ಲಿ ಚಿತ್ರ ಬಂದಲ್ಲೆಲ್ಲ ಬೋರ್ಡನ್ನು ತಾಳೆ ನೋಡಿ.

ಪ್ರಶ್ನೆ: ಐದು ನಿಮಿಷಕ್ಕೆ ಫೋನು ದೋಸೆ ಹೆಂಚಾಗುತ್ತದೆ, ಡೆಪ್ತ್ (ಎಂಜಿನ್ ಎಷ್ಟು ನಡೆ ಮುಂದೆ ನೋಡುತ್ತದೆ ಎಂಬ ಅಂಕೆ) ಮೇಲೇರುವುದಿಲ್ಲ.
– ಓದುಗರು, ಹರಿಹರ

ಉತ್ತರ: ಬಿಸಿಯಾದ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಥ್ರೆಡ್ (ಏಕಕಾಲಕ್ಕೆ ಓಡುವ ಲೆಕ್ಕದ ಎಳೆ) 8ರ ಬದಲು 2 ಇಡಿ, ಹ್ಯಾಶ್ 256 ಎಂಬಿ ಸಾಕು, ಚಾರ್ಜಿಗೆ ಹಾಕಿ ಓಡಿಸಬೇಡಿ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನವಂತೂ ಬೇಡವೇ ಬೇಡ. ರಾಜರೂ ಸೇರಿ ಬೋರ್ಡಿನಲ್ಲಿ ಏಳೇ ಕಾಯಿ ಉಳಿದಿದ್ದರೆ ಎಂಜಿನ್ನನ್ನು ಬಿಟ್ಟು ಚದುರಂಗ ಜಾಲತಾಣ ಲಿಚೆಸ್‌ನ ಟೇಬಲ್‌ಬೇಸ್ (ಕೆಲವೇ ಕಾಯಿಗಳ ಸ್ಥಾನಗಳನ್ನು ಪೂರ್ತಿ ಲೆಕ್ಕ ಹಾಕಿಟ್ಟ ಪಟ್ಟಿ) ತೆರೆಯಿರಿ. ಅಲ್ಲಿ ಅಂದಾಜಿಲ್ಲ, ಗೆಲುವು, ಸೋಲು, ಡ್ರಾ ಅಷ್ಟೇ.