ಲೊಟ್ಟೆ ರೈನಿಗರ್, ಲೊಟ್ಟೆಯಲ್ಲ

ತುಮಕೂರಿನ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಮೂಕಿ ಕಾಲದ ಕಾರ್ಟೂನ್ ಕಥೆಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಮಾತಿಲ್ಲ, ಕಥೆಯ ಗೊಂಬೆಗಳೋ ಬರೀ ಕಪ್ಪು. ಮೊಮ್ಮಗನಿಗೆ ತೋರಿಸಿದೆ, ಎರಡೇ ನಿಮಿಷಕ್ಕೆ ಎದ್ದುಹೋದ. ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ಡಿಸ್ನಿಯ 'ಸ್ನೋ ವೈಟ್' ಅಂತ ಅವನ ಕ್ವಿಜ್ ಪುಸ್ತಕದಲ್ಲಿದೆ. ಅದಕ್ಕಿಂತ ಹಳೆಯದು ಇದೆ ಅಂತ ನೀವು ಬರೆದದ್ದು ತಪ್ಪಲ್ವಾ?"

ಸಂಪಾದಕರ ಉತ್ತರ:

ನಗುತ್ತಾ ಸುಮ್ಮನಾಗುತ್ತಿದ್ದೆ. ನೀವು ಕ್ವಿಜ್ ಪುಸ್ತಕದ ಮಾತೆತ್ತಿದಿರಿ.

ಡಿಸ್ನಿ ಮೇಲೆ ನನಗೇನೂ ಕೋಪವಿಲ್ಲ. 1937ರ 'ಸ್ನೋ ವೈಟ್' ಚೆಂದದ ಚಿತ್ರವೇ. ಅವರೂ ಮೂಕಿಯಿಂದಲೇ ಬಂದವರು. 1922ರಲ್ಲಿ ಕಾನ್ಸಾಸ್ ಸಿಟಿಯ ತಮ್ಮ ಲಾಫ್-ಓ-ಗ್ರಾಮ್ ಕಂಪನಿಯಲ್ಲಿ 'ಸಿಂಡ್ರೆಲಾ', 'ಪುಸ್ ಇನ್ ಬೂಟ್ಸ್' ಎಲ್ಲ ಮಾಡಿದರು. ಮರುವರ್ಷ ಕಂಪನಿ ದಿವಾಳಿ.

ಅದೇ 1922ರಲ್ಲಿ ಜರ್ಮನಿಯಲ್ಲೂ ಒಂದು ಸಿಂಡ್ರೆಲಾ ಬಂತು. ಮಾಡಿದವರು ಬರ್ಲಿನ್ನಿನ ಲೊಟ್ಟೆ ರೈನಿಗರ್. (ನಮ್ಮ ಕರಾವಳಿ ಕಡೆ ಲೊಟ್ಟೆ ಅಂದರೆ ಸುಳ್ಳು. ಈಕೆಯ ವಿಷಯ ಮಾತ್ರ ಅಪ್ಪಟ ನಿಜ.) ಚಿತ್ರ ಶುರುವಾಗುವುದೇ ಕತ್ತರಿಯಿಂದ. ಕಪ್ಪು ಕಾಗದ ಕತ್ತರಿಸುತ್ತಾ ಹೋದ ಹಾಗೆ ಸಿಂಡ್ರೆಲಾ ಹುಟ್ಟುತ್ತಾಳೆ. ಗೊಂಬೆಯ ಕೈಕಾಲಿನ ತುಂಡುಗಳನ್ನು ತಂತಿಯಲ್ಲಿ ಕಟ್ಟಿ, ಗಾಜಿನ ಮೇಜಿನ ಮೇಲೆ ಮಲಗಿಸುವುದು. ಕೆಳಗೆ ದೀಪ, ಮೇಲೆ ಕ್ಯಾಮೆರಾ. ಮೊಣಕೈ ಕೂದಲೆಳೆಯಷ್ಟು ಸರಿಸು, ಒಂದು ಚಿತ್ರ ತೆಗೆ. ಮತ್ತೆ ಸರಿಸು. ಗೊಂಬೆ ಒಮ್ಮೆ ತಲೆ ಬಾಗಿಸಬೇಕಾದರೂ ಇದೇ ಪಾಡು! ಆ ಮುಖಕ್ಕೆ ಕಣ್ಣಿಲ್ಲ, ಬಾಯಿಲ್ಲ. ಆದರೂ ಅವಳು ಅಳುತ್ತಿದ್ದಾಳೆ ಅಂತ ಬೆನ್ನು ನೋಡಿದರೇ ಗೊತ್ತಾಗುತ್ತದೆ. ನಮ್ಮ ತೊಗಲುಗೊಂಬೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಗೊಂಬೆಗಳಿಗೆ ಬಣ್ಣವಿದೆ ಅನ್ನೋದೊಂದೇ ಜಾಸ್ತಿ.

ಆಮೇಲೆ 1923ರಿಂದ 1926ರವರೆಗೆ, ಪಾಟ್ಸ್‌ಡ್ಯಾಮಿನಲ್ಲಿ ಬ್ಯಾಂಕರ್ ಒಬ್ಬರ ಗ್ಯಾರೇಜಿನ ಅಟ್ಟದ ಮೇಲೆ ಕೂತು, ಅರೇಬಿಯನ್ ನೈಟ್ಸ್ ಕಥೆಗಳಿಂದ 'ರಾಜಕುಮಾರ ಅಖ್ಮೆದ್' ಮಾಡಿದರು. ಗಂಡ ಕಾರ್ಲ್ ಕೋಚ್ ಕ್ಯಾಮೆರಾ ನೋಡಿಕೊಂಡರು. ಒಂದು ಗಂಟೆಗೂ ಮೀರಿದ ಚಿತ್ರ, 'ಸ್ನೋ ವೈಟ್'ಗಿಂತ 11 ವರ್ಷ ಮೊದಲು. ಇದಕ್ಕೂ ಮುಂಚೆ, 1917ರಲ್ಲಿ, ಅರ್ಜೆಂಟೀನಾದ ಕ್ವಿರಿನೋ ಕ್ರಿಸ್ಟಿಯಾನಿ ಒಂದು ಉದ್ದದ ಚಿತ್ರ ಮಾಡಿದ್ದರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಅದಕ್ಕೇ ನಾನು 'ಉಳಿದಿರುವುದರಲ್ಲಿ ಹಳೆಯದು' ಅಂತ ಬರೆದದ್ದು. ಆ ಸಾಲನ್ನು ಇನ್ನೊಮ್ಮೆ ಓದಿ ಸ್ವಾಮಿ.

ಈ ತಪ್ಪಿನ ಬಗ್ಗೆ ಕ್ವಿಜ್ ಪುಸ್ತಕದ ಪ್ರಕಾಶಕರೊಬ್ಬರಿಗೆ ಹಿಂದೆ ಕಾಗದ ಬರೆದಿದ್ದೆ. 'ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇವೆ' ಅಂದರು. ಮೂರು ಮುದ್ರಣ ಆಯ್ತು, ಬದಲಾದದ್ದು ಬೆಲೆ ಮಾತ್ರ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಇಳಿಸುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕನ್ನಡದಲ್ಲಿ ಮಕ್ಕಳ ಪುಸ್ತಕ ಅಂದರೆ ಕರಡು ತಿದ್ದದಿದ್ದರೂ ನಡೆಯುತ್ತದೆ ಅಂತ ಯಾರು ತೀರ್ಮಾನ ಮಾಡಿದರೋ!

ಇನ್ನು ಮೊಮ್ಮಗನ ವಿಷಯ. ಈಗಿನ ಕಾರ್ಟೂನಿನಲ್ಲಿ ಒಂದು ಕ್ಷಣ ಸದ್ದಿಲ್ಲದಿದ್ದರೆ ಮಗುವಿಗೆ ಟಿವಿ ಕೆಟ್ಟಿತೇನೋ ಅನ್ನಿಸುತ್ತದೆ. ಹುಡುಗನ ತಪ್ಪಲ್ಲ. ನಮ್ಮ ಮನೆಯಲ್ಲಿ ಅಕ್ಕನ ಮೊಮ್ಮಗಳೂ ಮೊದಲು ಹಾಗೇ ಎದ್ದಳು. 'ಮಾತು ನೀನೇ ಹಾಕು' ಅಂದೆ. ಸಿಂಡ್ರೆಲಾಳ ಮಲತಾಯಿಗೆ ಅವಳು ಕೊಟ್ಟ ದನಿ ಥೇಟ್ ನಮ್ಮಕ್ಕನದ್ದು! ಅಕ್ಕ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನೀವೂ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ನಿಮ್ಮವನು ಯಾರ ದನಿ ಹಾಕಿದ ಅಂತ ಬರೆಯಿರಿ, ಹೆಸರು ಅಚ್ಚು ಹಾಕಲ್ಲ.