ಹಗಲು ಚಂದ್ರನ ಪಕ್ಕ ಒಂದು ಚೆಂಡು

ಪ್ರಶ್ನೆ: ಭೂಮಿಯ ನೆರಳು ಬಿದ್ದು ಚಂದ್ರ ಸವೆಯುತ್ತಾನೆ ಎಂದು ಒಂಬತ್ತು ವರ್ಷದ ಮಗಳಿಗೆ ಹೇಳಿಕೊಟ್ಟಿದ್ದೆ. ಮೊನ್ನೆ ಮಧ್ಯಾಹ್ನ ಅರ್ಧ ಚಂದ್ರನನ್ನು ತೋರಿಸಿ, ‘ಸೂರ್ಯನೂ ಕಾಣ್ತಿದ್ದಾನೆ, ಚಂದ್ರನೂ ಕಾಣ್ತಿದ್ದಾನೆ. ಮಧ್ಯೆ ಭೂಮಿ ಹೇಗೆ ಬಂತು?’ ಅಂದಳು. ಏನು ಹೇಳಲಿ? ಹೊಸ ಬೈನಾಕ್ಯುಲರ್ ಬೇರೆ ಕೊಂಡಿದ್ದೇವೆ, ಹುಣ್ಣಿಮೆಗೆ ಕಾಯುತ್ತಿದ್ದೇವೆ.

ಉತ್ತರ: ಮೊದಲು ಮಗಳ ಬೆನ್ನು ತಟ್ಟಿ. ಅವಳ ಪ್ರಶ್ನೆಯಲ್ಲೇ ಉತ್ತರ ಇದೆ. ಭೂಮಿಯ ನೆರಳು ಚಾಚುವುದು ಸೂರ್ಯನಿಗೆ ನೇರ ಎದುರು ದಿಕ್ಕಿಗೆ. ಅರ್ಧ ಚಂದ್ರ ಇರುವುದು ಸೂರ್ಯನಿಂದ ಕಾಲು ಸುತ್ತು ಆಚೆ. ನೆರಳು ಅಲ್ಲಿಗೆ ಹೋಗುವುದೇ ಇಲ್ಲ. ಅದು ಚಂದ್ರನನ್ನು ಮುಟ್ಟುವುದು ಚಂದ್ರಗ್ರಹಣದಲ್ಲಿ ಮಾತ್ರ. ಹುಣ್ಣಿಮೆಯಂದು ಚಂದ್ರ ಸೂರ್ಯನಿಗೆ ಎದುರಿದ್ದರೂ, ಅವನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ.

ಇದನ್ನು ಚಿತ್ರ ಬರೆದು ವಿವರಿಸಲು ನಾನು ವರ್ಷಗಟ್ಟಲೆ ಪ್ರಯತ್ನಪಟ್ಟಿದ್ದೇನೆ. ಒಂದು ಚೆಂಡು ಮಾಡುವ ಕೆಲಸವನ್ನು ಚಿತ್ರ ಮಾಡುವುದಿಲ್ಲ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಸಂಜೆ ನಾಲ್ಕರ ಹೊತ್ತಿಗೆ, ಬಿಸಿಲಲ್ಲಿ ನಿಂತು ಒಂದು ಬಿಳಿ ಚೆಂಡನ್ನು ಚಂದ್ರನ ಪಕ್ಕಕ್ಕೆ ಬರುವಂತೆ ಕೈ ಚಾಚಿ ಹಿಡಿಯಲು ಮಗಳಿಗೆ ಹೇಳಿ. ಚಂದ್ರ ಎಷ್ಟು ಬೆಳಗಿದ್ದಾನೋ ಚೆಂಡೂ ಅಷ್ಟೇ ಬೆಳಗಿರುತ್ತದೆ, ಅದೇ ಮಗ್ಗುಲಲ್ಲಿ! ಎರಡಕ್ಕೂ ಬಿಸಿಲು ಒಂದೇ. ಸೂರ್ಯನ ಕಡೆಗಿರುವ ಅರ್ಧ ಸದಾ ಬೆಳಕಿನಲ್ಲಿದೆ. ಅದರಲ್ಲಿ ನಮ್ಮ ಕಡೆಗೆ ತಿರುಗಿರುವುದು ಎಷ್ಟು ಎಂಬುದಷ್ಟೇ ದಿನದಿನಕ್ಕೂ ಬದಲಾಗುತ್ತದೆ. ಮೊದಲ ಸಲ ಹೀಗೆ ಚೆಂಡು ಹಿಡಿದಾಗ ನನ್ನ ಮೈ ಜುಂ ಎಂದಿತ್ತು. ಸುಮಾರು 3,84,000 ಕಿಲೋಮೀಟರ್ ದೂರದ ಗೋಳವೊಂದು ಆ ಕ್ಷಣ ನಿಜವಾಗಿಯೂ ಗುಂಡಗೆ ಕಂಡಿತು.

 

ಇನ್ನು ಬೈನಾಕ್ಯುಲರ್. ದಯವಿಟ್ಟು ಹುಣ್ಣಿಮೆಗೆ ಕಾಯಬೇಡಿ. ಆವತ್ತು ಬಿಸಿಲು ನೆತ್ತಿಯ ಮೇಲಿಂದ ಬಿದ್ದ ಹಾಗೆ, ನೆರಳೇ ಇಲ್ಲದೆ ಬೆಟ್ಟ ಕುಳಿಗಳೆಲ್ಲ ಚಪ್ಪಟೆ. ಬಿದಿಗೆ ತದಿಗೆಯಲ್ಲೇ ಶುರುಮಾಡಿ. ಗೆರೆಯಂಥ ಚಂದ್ರನ ಒಡಲಲ್ಲಿ ಉಳಿದ ಭಾಗವೂ ಬೂದುಬಣ್ಣದಲ್ಲಿ ಕಾಣುತ್ತದೆ. ಅದು ನಮ್ಮ ಭೂಮಿಗೆ ತಾಗಿ ಅಲ್ಲಿಗೆ ಮರಳಿದ ಬಿಸಿಲು. ಆಮೇಲೆ ಪ್ರತಿ ಸಂಜೆ ಬೆಳಕು-ಕತ್ತಲು ಕೂಡುವ ಗೆರೆಯ ಮೇಲೆಯೇ ಕಣ್ಣಿಡಿ. ಅಲ್ಲಿ ಆಗ ತಾನೇ ಸೂರ್ಯ ಹುಟ್ಟುತ್ತಿರುತ್ತಾನೆ, ನೆರಳುಗಳು ಉದ್ದುದ್ದ. 1609ರಲ್ಲಿ ಗೆಲಿಲಿಯೊ ಚಂದ್ರನಲ್ಲಿ ಬೆಟ್ಟಗಳಿವೆ ಎಂದು ಕಂಡುಕೊಂಡದ್ದು ಈ ಗೆರೆಯ ಬಳಿಯೇ. ಚಂದ್ರನ ನಡುಭಾಗದಲ್ಲಿ ಅದು ಗಂಟೆಗೆ ಸುಮಾರು 15 ಕಿಲೋಮೀಟರ್ ಸರಿಯುತ್ತದೆ, ಸೈಕಲ್ ತುಳಿದಷ್ಟೇ ವೇಗ. ಅಷ್ಟಮಿ ಕಳೆದು ಎರಡು ದಿನಕ್ಕೆ ಅದು ಸುಮಾರು 93 ಕಿಲೋಮೀಟರ್ ಅಗಲದ ಕೊಪರ್ನಿಕಸ್ ಕುಳಿಯನ್ನು ದಾಟುತ್ತದೆ. ಬೈನಾಕ್ಯುಲರ್ ಅನ್ನು ಗೋಡೆಗೆ ಒರಗಿಸಿ, ಕೈ ಅಲುಗದಂತೆ ಹಿಡಿದು, ಮೊದಲು ಮಗಳಿಗೇ ಕೊಡಿ.